ಕೆಮಿಸ್ಟ್ರಿ ಕಲಿಯೋಕೆ ನೆಟ್‌ನಲ್ಲಿ ಏನು ನೋಡ್ಬೇಕು, ಹೇಗೆ ನೋಡ್ಬೇಕು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಸೈನ್ಸ್ ಓದ್ತಿರೋ ಮಕ್ಕಳದ್ದೂ ಅವರ ಅಪ್ಪ ಅಮ್ಮಂದಿರದ್ದೂ ಜಾಸ್ತಿ ಇದ್ವು, ಅದ್ರಲ್ಲೂ ಕೆಮಿಸ್ಟ್ರಿ ಬಗ್ಗೆನೇ ಹೆಚ್ಚು. ಒಂದೇ ಥರ ಇದ್ದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೆದಿದ್ದೀನಿ, ಹೆಸರುಗಳನ್ನ ಬಿಟ್ಟಿದ್ದೀನಿ.

ಪ್ರಶ್ನೆ: ಮೇಡಂ, ನಾನು ಹತ್ತನೇ ಕ್ಲಾಸು. ದಿನಾ ರಾತ್ರಿ ಕೆಮಿಸ್ಟ್ರಿ ವಿಡಿಯೋ ನೋಡ್ತೀನಿ. ನೋಡೋವಾಗ ಎಲ್ಲಾ ಅರ್ಥ ಆಗತ್ತೆ, ಟೆಸ್ಟ್‌ಗೆ ಕೂತ್ರೆ ಒಂದೂ ನೆನಪಿಗೆ ಬರಲ್ಲ. ಯಾವ ಚಾನೆಲ್ ನೋಡಿದ್ರೆ ನೆನಪಲ್ಲಿ ಉಳಿಯತ್ತೆ?

ಉತ್ತರ: ಚಾನೆಲ್ ಬದಲಾಯಿಸಿದ್ರೆ ಇದು ಸರಿ ಹೋಗಲ್ಲ ಪುಟ್ಟಾ, ನೋಡೋ ರೀತಿ ಬದಲಾಯಿಸ್ಬೇಕು. ಚೆನ್ನಾಗಿ ಹೇಳ್ಕೊಡೋರ ವಿಡಿಯೋ ನೋಡ್ತಿದ್ರೆ ಎಲ್ಲಾ ನಮಗೆ ಗೊತ್ತಿದೆ ಅನ್ನಿಸ್ತಾ ಹೋಗತ್ತೆ, ಯಾಕಂದ್ರೆ ಯೋಚನೆ ಮಾಡೋ ಕೆಲಸ ಪೂರ್ತಿ ಅವರೇ ಮಾಡ್ತಿರ್ತಾರೆ, ನಾವು ತಲೆ ಆಡಿಸ್ತಿರ್ತೀವಿ ಅಷ್ಟೇ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟ ಮಾಡಿದ್ರು. ಒಂದು ಗುಂಪಿನ ವಿದ್ಯಾರ್ಥಿಗಳು ಪಾಠವನ್ನ ಮತ್ತೆ ಮತ್ತೆ ಓದಿದ್ರು, ಇನ್ನೊಂದು ಗುಂಪಿನವರು ಓದಿ ಆಮೇಲೆ ಪುಸ್ತಕ ನೋಡದೆ ನೆನಪಿದ್ದಷ್ಟನ್ನ ಬರೆದ್ರು. ಐದು ನಿಮಿಷ ಬಿಟ್ಟು ಟೆಸ್ಟ್ ಕೊಟ್ಟಾಗ ಮತ್ತೆ ಮತ್ತೆ ಓದಿದವರೇ ಮುಂದೆ ಇದ್ರು, ಒಂದು ವಾರ ಬಿಟ್ಟು ಕೊಟ್ಟಾಗ ನೆನಪಿಂದ ಬರೆದವರು ಅವರನ್ನ ಹಿಂದೆ ಹಾಕಿದ್ರು. ನಿನಗೆ ಆಗ್ತಿರೋದೂ ಅದೇ. ರಾತ್ರಿ ನೋಡಿದ್ದು ರಾತ್ರಿ ಇರತ್ತೆ, ಮುಂದಿನ ವಾರ ಇರಲ್ಲ.

ಅದಕ್ಕೆ ಎರಡು ಅಭ್ಯಾಸ ಮಾಡ್ಕೋ. ವಿಡಿಯೋ ಮುಗಿದ ತಕ್ಷಣ ಫೋನ್ ಉಲ್ಟಾ ಮಡಗಿ ಒಂದು ಹಾಳೆಯಲ್ಲಿ ನೆನಪಿದ್ದಷ್ಟು ಬರಿ, ಸಮೀಕರಣ ಇದ್ರೆ ಅದನ್ನೂ ಬರಿ. ಎಲ್ಲಿ ನಿಂತೆ ಅಂತ ನೋಡ್ಕೊಂಡು ಆ ಜಾಗ ಮಾತ್ರ ಮತ್ತೆ ಹಾಕಿ ನೋಡು. ಎರಡನೇದು ಇನ್ನೂ ಮುಖ್ಯ, ಪ್ರಯೋಗ ತೋರಿಸೋ ವಿಡಿಯೋ ಆದ್ರೆ ಆ ಕ್ಷಣ ಬರೋಕೆ ಮುಂಚೆ ವಿಡಿಯೋ ನಿಲ್ಲಿಸಿ ಏನಾಗತ್ತೆ, ಯಾಕಾಗತ್ತೆ ಅಂತ ಒಂದು ಸಾಲು ಬರೆದು ಆಮೇಲೆ ಪ್ಲೇ ಒತ್ತು.

ಉದಾಹರಣೆಗೆ ನಾಟಿಂಗ್‌ಹ್ಯಾಮ್ ಯೂನಿವರ್ಸಿಟಿಯವರ ಪೀರಿಯಾಡಿಕ್ ವಿಡಿಯೋಸ್ ಅಂತ ಒಂದು ಚಾನೆಲ್ ಇದೆ, 2008ರಲ್ಲಿ ಶುರುವಾಗಿದ್ದು, ಪ್ರೊಫೆಸರ್ ಮಾರ್ಟಿನ್ ಪೊಲಿಯಾಕಾಫ್ ಅದರಲ್ಲಿ ಮಾತಾಡ್ತಾರೆ, 118 ಧಾತುಗಳಿಗೂ ಒಂದೊಂದು ವಿಡಿಯೋ ಇದೆ. ಅದ್ರಲ್ಲಿ ಸೋಡಿಯಂದು ನೋಡು, ಆಮೇಲೆ ಪೊಟ್ಯಾಸಿಯಂದು ಹಾಕೋ ಮುಂಚೆ ನಿಲ್ಲಿಸಿ ಯಾವುದು ನೀರಲ್ಲಿ ಜಾಸ್ತಿ ಆರ್ಭಟ ಮಾಡತ್ತೆ ಅಂತ ಬರಿ. ಪೀರಿಯಾಡಿಕ್ ಟೇಬಲ್‌ನ ಒಂದೇ ಗುಂಪಲ್ಲಿ ಕೆಳಗೆ ಹೋದ ಹಾಗೆ ಹೊರಗಿನ ಎಲೆಕ್ಟ್ರಾನ್ ನ್ಯೂಕ್ಲಿಯಸ್‌ನಿಂದ ದೂರ ಇರತ್ತೆ, ಸುಲಭವಾಗಿ ಬಿಟ್ಟು ಹೋಗತ್ತೆ ಅನ್ನೋದು ಆಗ ಬಾಯಿಪಾಠದ ಸಾಲಾಗಿ ಉಳಿಯಲ್ಲ, ನೀನೇ ಊಹೆ ಮಾಡಿ ಪರೀಕ್ಷೆ ಮಾಡಿದ ಮಾತಾಗತ್ತೆ.

ಇದೇ ಸೋಡಿಯಂ ಬಗ್ಗೆ ಇನ್ನೊಂದು ವಿಷ್ಯ ಹೇಳ್ಲೇಬೇಕು. ಅದು ಯಾಕೆ ಸಿಡಿಯತ್ತೆ ಅಂದ್ರೆ ಹೈಡ್ರೋಜನ್ ಬಿಡುಗಡೆ ಆಗಿ ಹೊತ್ಕೊಳತ್ತೆ ಅಂತ ಬಹಳಷ್ಟು ಪುಸ್ತಕ, ವಿಡಿಯೋಗಳಲ್ಲಿ ಇರತ್ತೆ. 2015ರಲ್ಲಿ ನೇಚರ್ ಕೆಮಿಸ್ಟ್ರಿ ಜರ್ನಲ್‌ನಲ್ಲಿ ಬಂದ ಒಂದು ಸಂಶೋಧನೆಯಲ್ಲಿ ಹೈ ಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದ್ರು. ಲೋಹ ನೀರು ಮುಟ್ಟಿದ ತಕ್ಷಣ ಎಲೆಕ್ಟ್ರಾನ್‌ಗಳು ನೀರಿಗೆ ಹಾರ್ತವೆ, ಉಳಿದ ಲೋಹ ಪೂರ್ತಿ ಪಾಸಿಟಿವ್ ಆಗಿ ತನ್ನನ್ನ ತಾನೇ ತಳ್ಕೊಂಡು ಮುಳ್ಳುಗಳ ಹಾಗೆ ಚಾಚ್ಕೊಳತ್ತೆ, ಅಲ್ಲಿಂದ ಸ್ಫೋಟ ಶುರುವಾಗತ್ತೆ ಅಂತ ಗೊತ್ತಾಯ್ತು. ಎಲ್ಲಾ ಸ್ಕೂಲಲ್ಲೂ ತೋರಿಸೋ ಪ್ರಯೋಗದಲ್ಲೇ ಅಷ್ಟು ತಡವಾಗಿ ಹೊಸದು ಸಿಕ್ತು. ಟೆಸ್ಟಲ್ಲಿ ನಿಮ್ಮ ಪುಸ್ತಕದಲ್ಲಿ ಇರೋ ಹಾಗೇ ಬರಿ, ತಲೆಯಲ್ಲಿ ಇದೂ ಇರ್ಲಿ.

ಪ್ರಶ್ನೆ: ಮಗಳ ಸ್ಕೂಲಲ್ಲಿ ಲ್ಯಾಬ್ ಅನ್ನೋದು ಹೆಸರಿಗಷ್ಟೇ ಇದೆ. ಆನ್‌ಲೈನ್ ವರ್ಚುವಲ್ ಲ್ಯಾಬ್‌ಗಳು ಅದರ ಜಾಗ ತುಂಬ್ತವಾ? ಇಂಗ್ಲಿಷ್ ಅವಳಿಗೆ ಸ್ವಲ್ಪ ಕಷ್ಟ.

ಉತ್ತರ: ಅರ್ಧ ತುಂಬ್ತವೆ, ಆದ್ರೆ ಆ ಅರ್ಧ ತುಂಬಾ ಬೆಲೆಯದ್ದು. ಮೊದಲು ಫೆಟ್ (PhET) ಅನ್ನೋ ಸೈಟ್ ತೆಗೀರಿ. ಕೊಲರಾಡೋ ಯೂನಿವರ್ಸಿಟಿ ಬೌಲ್ಡರ್‌ನಲ್ಲಿ 2002ರಲ್ಲಿ ಶುರುವಾದ ಯೋಜನೆ ಇದು, ಶುರು ಮಾಡಿದ್ದು ಕಾರ್ಲ್ ವೀಮನ್, 2001ರಲ್ಲಿ ಫಿಸಿಕ್ಸ್ ನೊಬೆಲ್ ಹಂಚ್ಕೊಂಡವರು. ಸಿಮ್ಯುಲೇಶನ್‌ಗಳು, ಅಂದ್ರೆ ಪರದೆ ಮೇಲೆ ನಾವೇ ಆಡಿಸಿ ನೋಡೋ ಪ್ರಯೋಗಗಳು, ಎಲ್ಲಾ ಉಚಿತ, ಬ್ರೌಸರ್‌ನಲ್ಲೇ ಓಡ್ತವೆ, ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ದೇನೂ ಓಡ್ತವೆ, ಕೆಲವು ಕನ್ನಡದಲ್ಲೂ ಇವೆ. ಪರಮಾಣು ಕಟ್ಟೋದು, ಸಮೀಕರಣ ಸರಿದೂಗಿಸೋದು, ಘನ ದ್ರವ ಅನಿಲದಲ್ಲಿ ಅಣುಗಳು ಹೇಗೆ ಓಡಾಡ್ತವೆ ಅನ್ನೋದು, ಎಲ್ಲಾ ಇದೆ.

ಸುಮ್ನೆ ಬಿಟ್ರೆ ಮಕ್ಕಳು ಅದನ್ನ ಗೇಮ್ ಥರ ಆಡಿ ಎದ್ದು ಹೋಗ್ತಾರೆ, ಅದಕ್ಕೆ ಒಂದು ಸಿಮ್ಯುಲೇಶನ್ ಹೇಗೆ ಬಳಸ್ಬೇಕು ಅಂತ ಪೂರ್ತಿ ಬರೀತೀನಿ, ಮಗಳ ಪಕ್ಕ ಕೂತು ಮಾಡಿ ನೋಡಿ. ಪಿಎಚ್ ಸ್ಕೇಲ್ ಅನ್ನೋದನ್ನ ತೆಗೀರಿ. ಪಿಎಚ್ ಅಂದ್ರೆ ದ್ರವ ಆಸಿಡ್ಡಾ ಬೇಸಾ ಅನ್ನೋದರ ಅಳತೆ, 7ಕ್ಕಿಂತ ಕಮ್ಮಿ ಇದ್ರೆ ಆಸಿಡ್, ಜಾಸ್ತಿ ಇದ್ರೆ ಬೇಸ್. ಒಂದು ದೊಡ್ಡ ಪಾತ್ರೆ, ದ್ರವ ಹಾಕೋಕೆ ಡ್ರಾಪರ್, ನೀರು ಬಿಡೋಕೆ ಒಂದು ನಲ್ಲಿ, ಖಾಲಿ ಮಾಡೋಕೆ ಕೆಳಗೆ ಇನ್ನೊಂದು ನಲ್ಲಿ, ಪಿಎಚ್ ತೋರಿಸೋ ಮೀಟರ್. ದ್ರವಗಳ ಪಟ್ಟಿಯಲ್ಲಿ ಬ್ಯಾಟರಿ ಆಸಿಡ್ ಆರಿಸಿ, ಮೀಟರ್ ಅದರಲ್ಲಿ ಅದ್ದಿ, ಪಿಎಚ್ 1 ತೋರಿಸತ್ತೆ. ಕೆಳಗಿನ ನಲ್ಲಿ ಬಿಟ್ಟು 0.1 ಲೀಟರ್ ಮಾತ್ರ ಉಳಿಸ್ಕೊಳ್ಳಿ. ಈಗ ಮಗಳನ್ನ ಕೇಳಿ, ಇದಕ್ಕೆ ನೀರು ಬಿಟ್ಟು 1 ಲೀಟರ್ ಮಾಡಿದ್ರೆ ಪಿಎಚ್ ಎಷ್ಟಾಗತ್ತೆ? ಉತ್ತರ ಬರೆಸಿ, ಬಾಯಲ್ಲಿ ಹೇಳಿಸ್ಬೇಡಿ. ಎಷ್ಟೋ ಮಕ್ಕಳು 4 ಅಂತಲೋ 6 ಅಂತಲೋ ಬರೀತಾರೆ, ನೀರಿನ ಪಿಎಚ್ 7, ಆಸಿಡ್‌ದು 1, ನೀರು ಅಷ್ಟೊಂದು ಜಾಸ್ತಿ ಇದೆ, ಹಾಗಾದ್ರೆ 7ರ ಹತ್ರ ಹೋಗ್ಬೇಕು ಅನ್ನೋ ಲೆಕ್ಕ. ಈಗ ನೀರು ಬಿಡಿ. ಮೀಟರ್ 2ಕ್ಕೆ ಬಂದು ನಿಲ್ಲತ್ತೆ.

ಆ ಹೊತ್ತಲ್ಲಿ ನೀವು ಉತ್ತರ ಹೇಳೋಕೆ ಹೋಗ್ಬೇಡಿ, ಅವಳೇ ಗೊಂದಲ ಪಡ್ಲಿ. ಮತ್ತೆ 0.1 ಲೀಟರ್‌ಗೆ ಇಳಿಸಿ ಮತ್ತೆ 1 ಲೀಟರ್ ಮಾಡಿಸಿ, 3 ಬರತ್ತೆ. ಹತ್ತು ಪಟ್ಟು ತೆಳುವಾದ್ರೆ ಒಂದೇ ಹೆಜ್ಜೆ ಅನ್ನೋದು ಕಣ್ಣಿಗೆ ಬೀಳತ್ತೆ, ಪಿಎಚ್ ಅನ್ನೋದು ಹೈಡ್ರೋಜನ್ ಅಯಾನ್‌ಗಳ ಸಾಂದ್ರತೆಯ ನೆಗೆಟಿವ್ ಲಾಗರಿದಮ್ ಅಂತ ಪುಸ್ತಕದಲ್ಲಿ ಇರೋ ಸಾಲಿಗೆ ಆಗ ಜೀವ ಬರತ್ತೆ. ಹೀಗೇ ಮಾಡ್ತಾ ಹೋದ್ರೆ 7 ದಾಟಿ ಬೇಸ್ ಆಗತ್ತಾ ಅಂತ ಅವಳಾಗೇ ಕೇಳಿದ್ರಂತೂ ಅವತ್ತಿನ ಪಾಠ ಗೆದ್ದ ಹಾಗೆ. ಆಗಲ್ಲ, 7ರ ಹತ್ರ ಹತ್ರ ಹೋಗತ್ತೆ, ದಾಟಲ್ಲ, ಯಾಕಂದ್ರೆ ನಾವು ಹಾಕ್ತಿರೋದು ಬರೀ ನೀರು.

ಇನ್ನು ಆನ್‌ಲೈನ್ ಲ್ಯಾಬ್ ತುಂಬಲಾಗದ ಅರ್ಧ. ಈಗ ಹೇಳಿದ ಸಿಮ್ಯುಲೇಶನ್‌ನಲ್ಲೇ ನೋಡಿ, ಆಸಿಡ್ ಮೇಲೆ ನೀರು ಬಿಟ್ವಿ. ನಿಜವಾದ ಲ್ಯಾಬಲ್ಲಿ ಇದು ಮಾಡ್ಲೇಬಾರ್ದು, ಗಾಢ ಸಲ್ಫ್ಯೂರಿಕ್ ಆಸಿಡ್‌ಗೆ ನೀರು ಹಾಕಿದ್ರೆ ಅಷ್ಟು ಬಿಸಿ ಏಳತ್ತೆ ಅಂದ್ರೆ ನೀರು ಕುದ್ದು ಆಸಿಡ್ ಮುಖಕ್ಕೇ ಚಿಮ್ಮಬಹುದು. ಯಾವಾಗ್ಲೂ ನೀರಿಗೆ ಆಸಿಡ್ ನಿಧಾನವಾಗಿ ಹಾಕ್ಬೇಕು, ಕಲಕ್ತಾ ಹಾಕ್ಬೇಕು. ಪರದೆ ಮೇಲೆ ಬಿಸಿ ಗೊತ್ತಾಗಲ್ಲ, ವಾಸನೆ ಗೊತ್ತಾಗಲ್ಲ, ಹನಿ ಹನಿಯಾಗಿ ದ್ರವ ಬಿಡೋ ಗಾಜಿನ ಕೊಳವೆ ಬ್ಯೂರೆಟ್‌ನ ಕೊನೇ ಹನಿಗೆ ಕೈ ನಡುಗೋದು ಗೊತ್ತಾಗಲ್ಲ. ಕಾರ್ನೆಗಿ ಮೆಲನ್ ಯೂನಿವರ್ಸಿಟಿಯವರ ಕೆಮ್‌ಕಲೆಕ್ಟಿವ್‌ನಲ್ಲಿ ಬೀಕರ್, ಪಿಪೆಟ್ ಎಲ್ಲಾ ಇರೋ ವರ್ಚುವಲ್ ಲ್ಯಾಬ್ ಇದೆ, ಟೈಟ್ರೇಶನ್‌ನ (ಗೊತ್ತಿರೋ ದ್ರಾವಣ ಹನಿ ಹನಿಯಾಗಿ ಸೇರಿಸಿ ಇನ್ನೊಂದರ ಸಾಂದ್ರತೆ ಕಂಡುಹಿಡಿಯೋದು) ಲೆಕ್ಕಾಚಾರ ಅಭ್ಯಾಸ ಮಾಡೋಕೆ ಬಹಳ ಒಳ್ಳೇದು, ದೊಡ್ಡ ಕ್ಲಾಸಿಗೆ ಬಂದ್ಮೇಲೆ ಅದನ್ನ ಕೊಡಿ. ಆದ್ರೂ ಸ್ಕೂಲಿಗೆ ಹೋಗಿ ಲ್ಯಾಬ್ ಬೀಗ ತೆಗೆಸಿ ಅಂತ ಕೇಳೋದನ್ನ ನಿಲ್ಲಿಸ್ಬೇಡಿ, ಅದು ಮಗುವಿಗೆ ಸಿಗಲೇಬೇಕಾದದ್ದು.

ಪ್ರಶ್ನೆ: ಒಂದು ಮೋಲ್ ಅನಿಲದ ವಾಲ್ಯೂಮ್ ಎಸ್‌ಟಿಪಿಯಲ್ಲಿ (ಸ್ಟ್ಯಾಂಡರ್ಡ್ ತಾಪಮಾನ, ಒತ್ತಡದಲ್ಲಿ) 22.4 ಲೀಟರ್ ಅಂತ ನಮ್ಮ ಲೆಕ್ಚರರ್ ಹೇಳಿದ್ರು. ಒಂದು ಸೈಟಲ್ಲಿ 22.7 ಅಂತ ಇದೆ, ಇನ್ನೊಂದ್ರಲ್ಲಿ 24.5 ಅಂತ ಇದೆ. ನೆಟ್‌ನಲ್ಲಿ ಇರೋದನ್ನ ನಂಬೋದೇ ಬೇಡ್ವಾ?

ಉತ್ತರ: ಮೂರೂ ಸರಿ! ಇದು ಬಹಳ ಒಳ್ಳೇ ಪ್ರಶ್ನೆ, ನಂಬರ್ ನೋಡಿದ ಕೂಡ್ಲೇ ಯಾವ ಕಂಡೀಶನ್‌ದು ಅಂತ ಕೇಳೋ ಅಭ್ಯಾಸ ಇಲ್ಲಿಂದಲೇ ಶುರುವಾಗತ್ತೆ. 0 ಡಿಗ್ರಿ ಸೆಲ್ಸಿಯಸ್, 1 ಅಟ್ಮಾಸ್ಫಿಯರ್ ಒತ್ತಡ ತಗೊಂಡ್ರೆ 22.4. 1982ರಲ್ಲಿ ಅಂತಾರಾಷ್ಟ್ರೀಯ ಕೆಮಿಸ್ಟ್ರಿ ಸಂಸ್ಥೆ ಐಯುಪ್ಯಾಕ್ ಸ್ಟ್ಯಾಂಡರ್ಡ್ ಒತ್ತಡವನ್ನ 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಬದಲಾಯಿಸ್ತು, ಅಂದ್ರೆ 101.325 ಕಿಲೋಪಾಸ್ಕಲ್ ಹೋಗಿ ಸರಿಯಾಗಿ 100 ಕಿಲೋಪಾಸ್ಕಲ್ ಬಂತು. ಒತ್ತಡ ಚೂರು ಕಮ್ಮಿ ಆದ್ರೆ ಅನಿಲ ಚೂರು ಹಿಗ್ಗತ್ತೆ, ಅದಕ್ಕೆ 22.7. ಇನ್ನು 24.5 ಅನ್ನೋದು 25 ಡಿಗ್ರಿಯಲ್ಲಿ 1 ಅಟ್ಮಾಸ್ಫಿಯರ್‌ದು, ಅದನ್ನ ಎಸ್‌ಟಿಪಿ ಅಂತ ಕರೆದಿದ್ರೆ ಹೆಸರು ತಪ್ಪು, ನಂಬರ್ ಸರಿ. ನೀವೇ ಪಿವಿ ಸಮ ಎನ್‌ಆರ್‌ಟಿ ಅನ್ನೋ ಅನಿಲದ ಸೂತ್ರ ಹಾಕಿ ಮೂರನ್ನೂ ಲೆಕ್ಕ ಮಾಡಿ, ಹತ್ತು ನಿಮಿಷದ ಕೆಲಸ, ಆಮೇಲೆ ಈ ಗೊಂದಲ ಮತ್ತೆ ಬರಲ್ಲ. ಪರೀಕ್ಷೆಯಲ್ಲಿ ನಿಮ್ಮ ಪುಸ್ತಕ ಯಾವುದನ್ನ ಹೇಳತ್ತೋ ಅದನ್ನೇ ಹಾಕಿ, ಒತ್ತಡ ಎಷ್ಟು ತಗೊಂಡ್ರಿ ಅಂತ ಪಕ್ಕದಲ್ಲಿ ಬರೀರಿ.

ಕುದಿಯೋ ಬಿಂದು, ಸಾಂದ್ರತೆ, ಇಂಥ ಡೇಟಾ ಬೇಕಾದಾಗ ಸರ್ಚ್‌ನಲ್ಲಿ ಮೊದಲು ಬಂದದ್ದನ್ನ ಎತ್ಕೋಬೇಡಿ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ಕೆಮಿಸ್ಟ್ರಿ ವೆಬ್‌ಬುಕ್ ಇದೆ, 1996ರಿಂದ ನಡೀತಿದೆ. ಪಬ್‌ಕೆಮ್ ಇದೆ, 2004ರಲ್ಲಿ ಶುರುವಾಗಿದ್ದು, 10 ಕೋಟಿಗೂ ಹೆಚ್ಚು ಸಂಯುಕ್ತಗಳ ಮಾಹಿತಿ ಇದೆ ಅದರಲ್ಲಿ. ಎರಡರಲ್ಲೂ ಪ್ರತಿ ಅಂಕಿಯ ಜೊತೆ ಎಲ್ಲಿಂದ ಬಂತು ಅನ್ನೋದು ಇರತ್ತೆ, ಒಂದೇ ವಸ್ತುವಿಗೆ ನಾಲ್ಕೈದು ಜನ ಅಳೆದ ನಾಲ್ಕೈದು ಬೆಲೆಗಳು ಕೂಡ ಇರ್ತವೆ. ಅದನ್ನ ನೋಡಿ ಗಾಬರಿ ಆಗ್ಬೇಡಿ, ಅಳತೆ ಅಂದ್ರೇನೇ ಹಾಗೆ.

ಪ್ರಶ್ನೆ: ಡಿಗ್ರಿ ಫಸ್ಟ್ ಇಯರ್ ಕೆಮಿಸ್ಟ್ರಿ. ದುಡ್ಡು ಕೊಟ್ಟು ಕೋರ್ಸ್ ತಗೋಳೋ ಸ್ಥಿತಿ ಇಲ್ಲ. ಫ್ರೀ ಆಗಿ ಪೂರ್ತಿ ಪುಸ್ತಕ ಎಲ್ಲಿ ಸಿಗತ್ತೆ?

ಉತ್ತರ: ದುಡ್ಡು ಕೊಡೋದೇ ಬೇಡ. ರೈಸ್ ಯೂನಿವರ್ಸಿಟಿಯವರ ಓಪನ್‌ಸ್ಟ್ಯಾಕ್ಸ್‌ನಲ್ಲಿ ಜನರಲ್ ಕೆಮಿಸ್ಟ್ರಿಯ ಪೂರ್ತಿ ಪಠ್ಯ ಪಿಡಿಎಫ್ ಆಗಿ ಕಾನೂನುಬದ್ಧವಾಗೇ ಉಚಿತ, ಎರಡನೇ ಆವೃತ್ತಿ 2019ರದ್ದು, ಲೆಕ್ಕಗಳು ಧಾರಾಳ ಇವೆ. ಆರ್ಗ್ಯಾನಿಕ್, ಫಿಸಿಕಲ್ ಕಡೆ ಇನ್ನೂ ಆಳಕ್ಕೆ ಹೋಗ್ಬೇಕಾದ್ರೆ ಲಿಬ್ರೆಟೆಕ್ಸ್ಟ್ಸ್, ಅದು 2008ರಲ್ಲಿ ಡೇವಿಸ್‌ನ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಕೆಮ್‌ವಿಕಿ ಅನ್ನೋ ಹೆಸರಲ್ಲಿ ಹುಟ್ಟಿದ್ದು. ಕ್ಲಾಸಲ್ಲಿ ಕೂತ ಹಾಗೆ ಕೇಳ್ಬೇಕು ಅನ್ಸಿದ್ರೆ ಎಂಐಟಿ ಓಪನ್‌ಕೋರ್ಸ್‌ವೇರ್‌ನಲ್ಲಿ ಫಸ್ಟ್ ಇಯರ್ ಕೆಮಿಸ್ಟ್ರಿ ಲೆಕ್ಚರ್‌ಗಳು ಇವೆ. ಬೇಸಿಕ್ಸ್ ಬಿಟ್ಟು ಹೋಗಿದ್ರೆ ಖಾನ್ ಅಕಾಡೆಮಿಗೆ ಹೋಗಿ ಅಲ್ಲಿನ ಅಭ್ಯಾಸ ಪ್ರಶ್ನೆಗಳನ್ನ ಮಾಡಿ.

ಅಣುಗಳ ಆಕಾರ ತಲೆಗೆ ಹತ್ತಲ್ಲ ಅಂತಾನೂ ಬರೆದಿದ್ರಿ. ಮಾಲ್‌ವ್ಯೂ ಅನ್ನೋ ಸೈಟಲ್ಲಿ ಅಣುವಿನ ಹೆಸರು ಹಾಕಿದ್ರೆ ಮೂರು ಆಯಾಮದಲ್ಲಿ ಬರತ್ತೆ, ಬೆರಳಲ್ಲಿ ತಿರುಗಿಸಿ ನೋಡ್ಬೋದು. ಮೀಥೇನ್, ಅಮೋನಿಯಾ, ನೀರು ಈ ಮೂರನ್ನ ಒಂದಾದ ಮೇಲೆ ಒಂದು ಹಾಕಿ. ಕೋನ 109.5, 107, 104.5 ಹೀಗೆ ಇಳೀತಾ ಬರತ್ತೆ, ಲೋನ್ ಪೇರ್ (ಬಾಂಡ್‌ನಲ್ಲಿ ಸೇರದ ಎಲೆಕ್ಟ್ರಾನ್ ಜೋಡಿ) ಒಂದೊಂದು ಜಾಸ್ತಿ ಆದ ಹಾಗೆ ಬಾಂಡ್‌ಗಳನ್ನ ಒತ್ತಿ ಹತ್ರ ತರತ್ತೆ. ಪುಸ್ತಕದ ಚಪ್ಪಟೆ ಚಿತ್ರದಲ್ಲಿ ಇದು ಎಷ್ಟು ಸಲ ನೋಡಿದ್ರೂ ಕಾಣಲ್ಲ.

ಒಂದೇ ಮಾತು, ನಾಲ್ಕೂ ಸೈಟ್ ಒಟ್ಟಿಗೆ ತೆರೆದಿಟ್ಕೊಂಡು ಕೂರ್ಬೇಡಿ. ಒಂದು ಪುಸ್ತಕ ಹಿಡಿದು ಅದರ ಲೆಕ್ಕ ಮುಗಿಸಿ, ಸಿಕ್ಕಾಕ್ಕೊಂಡಾಗ ಮಾತ್ರ ಇನ್ನೊಂದಕ್ಕೆ ಹೋಗಿ.

ಪ್ರಶ್ನೆ: ಮಗ ಹೋಂವರ್ಕ್ ಪೂರ್ತಿ ಎಐ ಚಾಟ್‌ಬಾಟ್ ಹತ್ರ ಮಾಡಿಸ್ತಾನೆ. ಬೈದ್ರೆ ಎಲ್ರೂ ಮಾಡ್ತಾರೆ ಅಂತಾನೆ. ಅದು ಹೇಳೋದು ಸರಿ ಇರತ್ತಾ?

ಉತ್ತರ: ಬಹಳ ಸಲ ಸರಿ ಇರತ್ತೆ, ಕೆಲವು ಸಲ ತಪ್ಪಿರತ್ತೆ, ಎರಡನ್ನೂ ಅದು ಒಂದೇ ಧೈರ್ಯದಲ್ಲಿ ಹೇಳತ್ತೆ, ತೊಂದರೆ ಇರೋದೇ ಅಲ್ಲಿ. ಕೆಮಿಸ್ಟ್ರಿಯಲ್ಲಿ ಒಂದು ಅನುಕೂಲ ಏನಂದ್ರೆ ಎಷ್ಟೋ ಉತ್ತರಗಳನ್ನ ನಾವೇ ತಾಳೆ ನೋಡ್ಬೋದು. ಪ್ರೊಪೇನ್ ಉರಿಯೋ ಸಮೀಕರಣ ಕೊಡ್ತು ಅನ್ನಿ, ಒಂದು ಪ್ರೊಪೇನ್‌ಗೆ ಐದು ಆಕ್ಸಿಜನ್ ಅಣು, ಆ ಕಡೆ ಮೂರು ಕಾರ್ಬನ್ ಡೈ ಆಕ್ಸೈಡ್, ನಾಲ್ಕು ನೀರು. ಎಣಿಸ್ಲಿ ಅವನು. ಕಾರ್ಬನ್ ಎರಡೂ ಕಡೆ 3, ಹೈಡ್ರೋಜನ್ 8, ಆಕ್ಸಿಜನ್ 10. ಸರಿ ಇದೆ. ಒಂದು ಅಂಕಿ ಹೆಚ್ಚು ಕಮ್ಮಿ ಇದ್ರೂ ಎಣಿಸಿದಾಗ ಸಿಕ್ಕಿ ಬೀಳತ್ತೆ.

ಬೈಯೋದಕ್ಕಿಂತ ಅದನ್ನ ಬಳಸೋ ದಿಕ್ಕು ತಿರುಗಿಸಿ. ಉತ್ತರ ಕೊಡು ಅಂತ ಕೇಳೋದು ಬಿಟ್ಟು, ನನಗೆ ಈ ಪಾಠದ ಮೇಲೆ ಒಂದೊಂದೇ ಪ್ರಶ್ನೆ ಕೇಳು, ನಾನು ಉತ್ತರ ಹೇಳ್ತೀನಿ, ತಪ್ಪಿದ್ರೆ ಎಲ್ಲಿ ತಪ್ಪು ಅಂತ ಸುಳಿವು ಕೊಡು, ಪೂರ್ತಿ ಹೇಳ್ಬೇಡ ಅಂತ ಬರೀಲಿ. ಹಾಗೆ ಮಾಡಿದ್ರೆ ಯೋಚನೆ ಮಾಡೋ ಕೆಲಸ ವಾಪಸ್ ಅವನ ಕೈಗೆ ಬರತ್ತೆ. ಅದು ಹೇಳಿದ ಅಂಕಿ ಅಂಶಗಳನ್ನ ಮಾತ್ರ ಪುಸ್ತಕದಲ್ಲೋ ಮೇಲೆ ಹೇಳಿದ ವೆಬ್‌ಬುಕ್‌ನಲ್ಲೋ ನೋಡ್ಕೊಳ್ಲಿ, ಇಂಥ ಸಂಶೋಧನೆಯಲ್ಲಿ ಹೀಗಿದೆ ಅಂತ ಅದು ಹೇಳಿದ್ರೆ ಆ ಸಂಶೋಧನೆ ನಿಜವಾಗ್ಲೂ ಇದ್ಯಾ ಅಂತಾನೂ ನೋಡ್ಲಿ. ಇಲ್ಲದ್ದನ್ನ ಹುಟ್ಟಿಸಿ ಹೇಳೋದು ಅದಕ್ಕೆ ಇದೆ.

ಪ್ರಶ್ನೆ: ಏಳನೇ ಕ್ಲಾಸಿನ ಮಗನಿಗೆ ಕೆಮಿಸ್ಟ್ರಿ ಅಂತಲ್ಲ, ಒಟ್ಟಾರೆ ಸೈನ್ಸ್ ಮೇಲೆ ಆಸೆ ಹುಟ್ಟಿಸೋ ಅಂಥದ್ದು ಏನಾದ್ರೂ ಇದ್ಯಾ?

ಉತ್ತರ: ಸ್ಟೆಲೇರಿಯಂ. ಆಕಾಶ ತೋರಿಸೋ ಉಚಿತ ಸಾಫ್ಟ್‌ವೇರ್, ಬ್ರೌಸರ್‌ನಲ್ಲೂ ಸಿಗತ್ತೆ. ಸಂಜೆ ಒಂದು ಹೊತ್ತು ಗೊತ್ತು ಮಾಡಿ ಚಂದ್ರ ಎಲ್ಲಿದೆ ಅಂತ ಹೊರಗೆ ಹೋಗಿ ನೋಡಿಸಿ, ನಾಳೆ ಅದೇ ಹೊತ್ತಿಗೆ ಎಲ್ಲಿರತ್ತೆ ಅಂತ ಕೇಳಿ ಬರೆಸಿ, ಆಮೇಲೆ ಸ್ಟೆಲೇರಿಯಂನಲ್ಲಿ ಒಂದು ದಿನ ಮುಂದೆ ಓಡಿಸಿ. ಸುಮಾರು 12 ಡಿಗ್ರಿ ಪೂರ್ವಕ್ಕೆ ಸರಿದಿರತ್ತೆ, ಅದಕ್ಕೇ ದಿನದಿಂದ ದಿನಕ್ಕೆ ಚಂದ್ರ ಸರಾಸರಿ 50 ನಿಮಿಷ ತಡವಾಗಿ ಹುಟ್ಟೋದು. ಮರುದಿನ ಮತ್ತೆ ಹೊರಗೆ ಹೋಗಿ ನಿಜವಾ ಅಂತ ನೋಡ್ಲೇಬೇಕು, ಅದನ್ನ ಬಿಟ್ರೆ ಬರೀ ಕಾರ್ಟೂನ್ ನೋಡಿದ ಹಾಗಾಗತ್ತೆ.

ಪ್ರಶ್ನೆ: ವಿಡಿಯೋದಲ್ಲಿ ತೋರಿಸೋ ಪ್ರಯೋಗಗಳನ್ನ ಮನೇಲಿ ಮಾಡ್ತೀನಿ ಅಂತ ಇಬ್ರು ಮಕ್ಕಳೂ ಹಠ. ಬಿಡ್ಬೋದಾ?

ಉತ್ತರ: ಆರಿಸಿ ಬಿಡಿ. ವ್ಯೂಸ್‌ಗೋಸ್ಕರ ಮಾಡೋ ವಿಡಿಯೋಗಳಲ್ಲಿ ಎಚ್ಚರಿಕೆ ಹೇಳಿರೋದೇ ಇಲ್ಲ, ಹೇಳಿದ್ರೂ ಕೊನೇಲಿ ಸಣ್ಣ ಅಕ್ಷರದಲ್ಲಿ. ನಿಮ್ಮ ಮನೇಲಿ ಇವತ್ತಿಂದಲೇ ಒಂದು ನಿಯಮ ಇರ್ಲಿ, ಕ್ಲೀನ್ ಮಾಡೋಕೆ ತಂದ ಯಾವ ಎರಡು ದ್ರವಗಳನ್ನೂ ಸೇರಿಸೋ ಹಾಗಿಲ್ಲ. ಬ್ಲೀಚ್‌ಗೆ ಆಸಿಡ್ ಇರೋ ಟಾಯ್ಲೆಟ್ ಕ್ಲೀನರ್ ಸೇರಿದ್ರೆ ಕ್ಲೋರಿನ್ ಅನಿಲ ಬರತ್ತೆ, ಅಮೋನಿಯಾ ಸೇರಿದ್ರೆ ಕ್ಲೋರಮಿನ್, ಎರಡೂ ಶ್ವಾಸಕೋಶ ಸುಡೋ ಅಂಥವು, ಕಿಟಕಿ ಮುಚ್ಚಿದ ಬಾತ್‌ರೂಮಲ್ಲಿ ಪ್ರಾಣಕ್ಕೇ ಅಪಾಯ. ಬೆಂಕಿ, ಮುಚ್ಚಿದ ಬಾಟಲಿಯಲ್ಲಿ ಗ್ಯಾಸ್ ತುಂಬಿಸೋದು, ಪ್ಲಗ್‌ಗೆ ಹಾಕೋ ಕರೆಂಟು, ಇವು ಇರೋ ವಿಡಿಯೋ ಎಷ್ಟೇ ಚೆನ್ನಾಗಿದ್ರೂ ಬೇಡ ಅಂದ್ರೆ ಬೇಡ.

ಬ್ರಿಟನ್ನಿನ ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯ ಎಜುಕೇಶನ್ ಸೈಟಲ್ಲಿ ಪ್ರಯೋಗಗಳ ಜೊತೆ ಏನೇನು ಅಪಾಯ, ಏನು ಹಾಕ್ಕೋಬೇಕು ಅಂತಾನೂ ಬರೆದಿರ್ತಾರೆ, ಟೀಚರ್‌ಗಳಿಗೆ ಅಂತ ಮಾಡಿದ್ದು, ಆದ್ರೆ ದೊಡ್ಡವರು ಓದಿ ಆರಿಸ್ಕೋಬೋದು. ಮೊದಲ ಪ್ರಯೋಗಕ್ಕೆ ಸ್ಕೆಚ್ ಪೆನ್ ಸಾಕು. ಫಿಲ್ಟರ್ ಪೇಪರ್‌ನ ಉದ್ದ ಪಟ್ಟಿ ಕತ್ತರಿಸಿ, ಕೆಳತುದಿಯಿಂದ ಎರಡು ಬೆರಳು ಮೇಲೆ ಕಪ್ಪು ಸ್ಕೆಚ್ ಪೆನ್‌ನಲ್ಲಿ ಚುಕ್ಕೆ ಇಟ್ಟು, ತುದಿ ಮಾತ್ರ ನೀರಲ್ಲಿ ಮುಳುಗೋ ಹಾಗೆ ಲೋಟದಲ್ಲಿ ನಿಲ್ಲಿಸಿ, ಚುಕ್ಕೆ ನೀರಿಗೆ ತಾಗಬಾರದು. ನಿಲ್ಲಿಸೋ ಮುಂಚೆ ಕಪ್ಪಿನೊಳಗೆ ಯಾವ್ಯಾವ ಬಣ್ಣ ಇದೆ ಅಂತ ಇಬ್ಬರ ಹತ್ರಾನೂ ಬೇರೆ ಬೇರೆ ಬರೆಸಿ. ನೀರು ಮೇಲೆ ಹತ್ತಿದ ಹಾಗೆ ಕಪ್ಪು ಒಡೆದು ನೀಲಿ, ಗುಲಾಬಿ, ಹಳದಿ ಹೀಗೆ ಬೇರೆ ಬೇರೆ ಆಗಿ ನಿಲ್ತವೆ, ಯಾವ್ಯಾವುದು ಅನ್ನೋದು ಪೆನ್ ಮೇಲೆ ಹೋಗತ್ತೆ. ಬೇರೆ ಕಂಪನಿಯ ಕಪ್ಪು ಪೆನ್ ಇದ್ರೆ ಅದನ್ನೂ ಇನ್ನೊಂದು ಪಟ್ಟಿಯಲ್ಲಿ ಇಟ್ಟು ಹೋಲಿಸಿ ನೋಡ್ಲಿ. ಪರ್ಮನೆಂಟ್ ಮಾರ್ಕರ್ ಮಾತ್ರ ಬೇಡ, ಅದರ ಇಂಕ್ ನೀರಲ್ಲಿ ಕರಗಲ್ಲ. ಅದು ಯಾಕೆ ಕದಲಲ್ಲ ಅಂತ ಮಕ್ಕಳು ಕೇಳಿದ್ರೆ ಕರಗೋದು, ಕರಗದೇ ಇರೋದರ ಪಾಠಕ್ಕೆ ಅಲ್ಲಿಂದಲೇ ಹೋಗಿ.